ಎಡಗೈ ಗಂಟು

ದೆವ್ವ, ಗಾಳಿ, ನೆರಳು ಎಂದು ಯಾರಾದರೂ ಶುರು ಮಾಡಿದರೆ ಅವರನ್ನು ಗೋಳು ಹೊಯ್ದುಕೊಳ್ಳುವುದೇ ನನ್ನ ಕಸುಬಾಗಿತ್ತು. ನಮ್ಮ ಹೂವಿನಹಡಗಲಿಯ ಹಳೇ ಬಂಗಲೆಯಲ್ಲಿ ಮಧ್ಯಾಹ್ನದ ಹೊತ್ತು ಬಳೆ ಸದ್ದು ಕೇಳುತ್ತದೆ ಎಂದವರಿಗೆ, "ಯಾವ ಅಂಗಡಿ ಬಳೆ ಅಂತ ಕೇಳ್ಕೊಂಡು ಬರ್ರಿ" ಎನ್ನುತ್ತಿದ್ದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿದವನು ನಾನು. ಸಾಕ್ಷಿ ಇಲ್ಲದ ಮಾತು ರುಚಿಸುತ್ತಿರಲಿಲ್ಲ. ಈಗ ನಾನೇ ಅಂಥದೊಂದು ಮಾತು ಹೇಳಲು ಕುಳಿತಿದ್ದೇನೆ. ನೀವು ನಕ್ಕರೆ ಬೇಸರವಿಲ್ಲ, ನಾನೂ ಬೇಕಾದಷ್ಟು ಜನರನ್ನು ನೋಡಿ ನಕ್ಕವನೇ.

ಆ ಬಂಗಲೆ ಒಂದು ಕಾಲಕ್ಕೆ ಮಲ್ಲಿಗೆ ವ್ಯಾಪಾರದ ಸಾಹುಕಾರರದು. ಈಗ ಅದರ ಸುತ್ತಲಿನ ತೋಟ ಊರಿನ ಪಾರ್ಕು. ನಿವೃತ್ತನಾದ ಮೇಲೆ ನಾವು ನಾಲ್ಕೈದು ಜನ ಸೇರಿ ತಿಂಗಳ ಕೊನೆಯ ಭಾನುವಾರ ಸಂಜೆ ಅಲ್ಲಿ ಊರಿನ ಹಳೇ ಸಂಗತಿಗಳ ಬಗ್ಗೆ ಕಾರ್ಯಕ್ರಮ ನಡೆಸುತ್ತಿದ್ದೆವು. ಹಳೇ ಫೋಟೋ ಇಡುವುದು, ವಯಸ್ಸಾದವರನ್ನು ಕರೆದು ಮಾತಾಡಿಸುವುದು, ಕೊನೆಗೆ ಮಂಡಕ್ಕಿ, ಮಿರ್ಚಿ, ಚಹಾ. ಮೈಕು ಮಾತ್ರ ಬಹುಪಾಲು ನನ್ನ ಕೈಯಲ್ಲೇ ಇರುತ್ತಿತ್ತು.

ಅವ್ವನಿಗೆ ಆಗ ಮರೆವು ಬಲಿತಿತ್ತು. ನನ್ನ ಹೆಸರು ಹೋಗಿತ್ತು, ಮನೆಯ ದಾರಿ ಹೋಗಿತ್ತು, ಹೂ ಕಟ್ಟುವುದೊಂದು ಉಳಿದಿತ್ತು. ಹುಡುಗಿಯಾಗಿದ್ದಾಗ ಅವಳೂ ಅವಳ ಅಕ್ಕ ಗಂಗವ್ವನೂ ಅದೇ ಬಂಗಲೆಯ ಹಿಂದಿನ ಪಡಸಾಲೆಯಲ್ಲಿ ಕೂಲಿಗೆ ಹೂ ಕಟ್ಟಿದವರು. ನಮ್ಮ ಕಡೆ ಹೂ ಕಟ್ಟಲು ಕೂತ ಹೆಂಗಸು ಮಡಿಲಿನ ಮೊಗ್ಗು ಮುಗಿಯುವ ತನಕ ಏಳುವುದಿಲ್ಲ, ಅರ್ಧ ಮಾಲೆ ಬಿಟ್ಟೆದ್ದರೆ ಒಳ್ಳೆಯದಲ್ಲ ಅಂತ. ಈ ಒಂದು ನಂಬಿಕೆಯನ್ನು ಮಾತ್ರ ನಾನು ಚೆನ್ನಾಗಿ ಬಳಸಿಕೊಂಡಿದ್ದೆ. ಅವ್ವನನ್ನು ಕೂರಿಸಬೇಕಾದರೆ ಮಡಿಲಿಗೆ ಮೊಗ್ಗು ಸುರಿದು ಕೈಗೆ ಬಾಳೆ ನಾರು ಕೊಡುತ್ತಿದ್ದೆ. ಬೀಗ ಹಾಕಿದ ಹಾಗೆ.

ಆ ಭಾನುವಾರವೂ ಬೇವಿನ ಮರದ ಕೆಳಗಿನ ಬೆಂಚಿನಲ್ಲಿ ಕೂರಿಸಿ ಒಂದು ಸೇರು ಮೊಗ್ಗು ಸುರಿದೆ. ಅಷ್ಟು ಮೊಗ್ಗಿಗೆ ಮುಕ್ಕಾಲು ಗಂಟೆ ಖಾತ್ರಿ. ಭಾಷಣ ಒಂದೂವರೆ ಗಂಟೆ ಎಳೆಯಿತು. ಬಂಗಲೆಯ ಹೂವು ಯಾವ ಯಾವ ಊರಿಗೆ ಹೋಗುತ್ತಿತ್ತು, ಯಾರು ಒಯ್ಯುತ್ತಿದ್ದರು ಎಂದೆಲ್ಲ ಹೇಳಿದೆ. ಆ ಹೂ ಕಟ್ಟಿದವಳು ಇಲ್ಲೇ ಕೂತಿದ್ದಾಳೆ ಎಂದು ಹೇಳಬೇಕೆಂದು ನನಗೆ ತೋಚಲೇ ಇಲ್ಲ. ಚಪ್ಪಾಳೆ ಮುಗಿದು ತಿರುಗಿ ನೋಡಿದರೆ ಬೆಂಚು ಖಾಲಿ.

ಮೊದಲು ಸಿಟ್ಟು ಬಂತು, ಆಮೇಲೆ ಎಲ್ಲರನ್ನೂ ಕೂಗಿ ಕರೆದೆ. ಒಬ್ಬರು ಬಸ್ ಸ್ಟ್ಯಾಂಡಿಗೆ ಓಡಿದರು, ಇನ್ನೊಬ್ಬರು ಬೈಕ್ ಹತ್ತಿ ಮಾಗಳದ ರಸ್ತೆ ಹಿಡಿದರು. ಬಂಗಲೆಯ ಹಿಂದಿನ ಪಡಸಾಲೆಗೆ ಕಬ್ಬಿಣದ ಜಾಲರಿ ಹಾಕಿ ಬೀಗ ಜಡಿದು ವರ್ಷಗಳಾಗಿದ್ದವು. ಪಾರ್ಕಿನ ವಾಚ್‌ಮನ್ ಕೊಟ್ರಪ್ಪನೂ ನಾನೂ ಜಾಲರಿಗೆ ಮುಖ ಒತ್ತಿ ನೋಡಿದೆವು. ಮುರಿದ ಕುರ್ಚಿ, ಧೂಳು, ಮತ್ತೇನಿಲ್ಲ. ಸ್ವಲ್ಪ ಹೊತ್ತಿಗೆ ಅವನು ಬಾವಿಯ ಕಡೆಯಿಂದ ಕೂಗಿದ.

"ಸರ್, ಲಗೂನ ಬರ್ರಿ. ಅವ್ವಾರ ಚಪ್ಲಿ ಇಲ್ಲಿ ಅದಾವ್ರಿ."

ಬಾವಿಕಟ್ಟೆಯ ಪಕ್ಕ ಚಪ್ಪಲಿ ಜೋಡಿಸಿಟ್ಟ ಹಾಗೆ ಇದ್ದವು. ಬಾವಿಗೆ ಬಗ್ಗಿ ಅವ್ವನನ್ನು ಕೂಗಿದೆ. ಬಿದ್ದ ಕೊಡ ತೆಗೆಯುವ ಪಾತಾಳಗರಡಿಯನ್ನು ಯಾರೋ ತಂದು ಹಗ್ಗ ಕಟ್ಟಿ ಇಳಿಬಿಟ್ಟರು. ಅದರ ಕೊಕ್ಕೆ ತಳದಲ್ಲಿ ಯಾವುದಕ್ಕಾದರೂ ಸಿಕ್ಕಿಕೊಂಡಾಗಲೆಲ್ಲ ಹಗ್ಗವನ್ನು ನಾನೇ ಎಳೆಯುತ್ತಿದ್ದೆ. ಒಂದು ಬಕೆಟ್ ಬಂತು. ಒಂದು ಹರಕು ಬಟ್ಟೆ ಬಂತು, ಅದು ಅವ್ವನ ಸೀರೆಯಲ್ಲ ಎಂದು ಎರಡೆರಡು ಸಲ ಬಿಡಿಸಿ ನೋಡಿದೆ. ಅವಳನ್ನು ವಾಪಸ್ ಕೊಟ್ಟುಬಿಡು, ಮತ್ತೆ ಯಾವತ್ತೂ ಮೈಕು ಮುಟ್ಟುವುದಿಲ್ಲ ಎಂದು ಬೇಡಿಕೊಂಡೆ. ಯಾರನ್ನು ಬೇಡುತ್ತಿದ್ದೇನೆ ಎಂದು ಗೊತ್ತಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಪಡಸಾಲೆಯ ಕಡೆಯಿಂದ ಮಲ್ಲಿಗೆ ಘಮ್ಮೆಂದಿತು. ಓಡಿದೆ. ಜಾಲರಿಯ ಒಳಗೆ ಅವ್ವ ಬರಿಗಾಲು ಚಾಚಿ ನೆಲದ ಮೇಲೆ ಕೂತಿದ್ದಳು, ಮಡಿಲಲ್ಲಿ ಮಾಲೆ.

"ಎಲ್ಲಿ ಹೋಗಿದ್ದಿ ಯವ್ವಾ!" ಎಂದು ಅತ್ತುಬಿಟ್ಟೆ.

"ಯಾಕ ಅಳತಿ ತಮ್ಮಾ? ಕಾಲು ತೊಳ್ಕೊಂಡು ಬಂದು ಕುಂತೀನಿ. ನನ್ನ ಮೊಗ್ಗು ತೀರಿದ್ವು. ಅಕ್ಕ ತಂದ್ಳು, ಇಬ್ರೂ ಕೂಡಿ ಕಟ್ಟಿದ್ವಿ."

ಕೊಟ್ರಪ್ಪ ಬೀಗ ತೆಗೆಯುತ್ತ, "ಆಗ್ಲೇ ನೋಡೀವಲ್ರಿ ಸರ್, ಇಬ್ರೂ ನೋಡೀವಿ" ಎಂದು ಹೇಳುತ್ತಲೇ ಇದ್ದ. ಅಷ್ಟಕ್ಕೆ ನನ್ನಲ್ಲಿ ಉತ್ತರವಿದೆ. ಜಾಲರಿಯ ಕೆಳಮೂಲೆ ಕಿತ್ತುಹೋಗಿತ್ತು, ಸಣ್ಣ ಮೈಯವಳು, ನಾವು ನೋಡಿ ಹೋದ ಮೇಲೆ ನುಸುಳಿರಬೇಕು. ಕಾಲು ತೊಳೆದು ಹೂವಿಗೆ ಕೂರುವುದು ಹಳೇ ರೂಢಿ, ಅದಕ್ಕೇ ಚಪ್ಪಲಿ ಬಾವಿಯ ಹತ್ತಿರ.

ಮಾಲೆಗೆ ಮಾತ್ರ ಉತ್ತರವಿಲ್ಲ. ಅದು ನಾನು ಕೊಟ್ಟ ಮೊಗ್ಗಿಗೆ ಆಗಬೇಕಾದುದರ ಎರಡರಷ್ಟು ಉದ್ದವಿತ್ತು. ಅರ್ಧದವರೆಗೆ ಹೂ ಅರಳಿದ್ದವು, ಬೆಳಗಿನ ಮೊಗ್ಗು ಆ ಹೊತ್ತಿಗೆ ಅರಳುವುದೇ. ಉಳಿದರ್ಧ ಆಗತಾನೆ ಗಿಡದಿಂದ ಬಿಡಿಸಿದಂಥ ಬಿಗಿ ಮೊಗ್ಗು. ಅಲ್ಲಿಂದ ಮುಂದೆ ಗಂಟುಗಳೆಲ್ಲ ಎಡಕ್ಕೆ ತಿರುಗಿದ್ದವು. ಅವ್ವ ಬಲಗೈಯವಳು. ಹಾಗೆ ಎಡಗೈಯಲ್ಲಿ ಕಟ್ಟುತ್ತಿದ್ದವಳು ಗಂಗವ್ವ ದೊಡ್ಡವ್ವ. ಚಿಕ್ಕವನಿದ್ದಾಗ ಅವಳ ಗಂಟು ಬಿಚ್ಚಲಾಗದೆ ನಾನು ಎಷ್ಟೋ ಸಲ ಬೈಸಿಕೊಂಡಿದ್ದೆ. ನಾನು ಪಿಯುಸಿ ಓದುವಾಗಲೇ ಅವಳು ತೀರಿಕೊಂಡಿದ್ದಳು. ಆಮೇಲೆ ಮನೆಯಲ್ಲಿ ಅವ್ವನ ಎಡಗೈಗೆ ನಾರು ಕೊಟ್ಟು ಹತ್ತಾರು ಸಲ ನೋಡಿದೆ. ಒಂದು ಗಂಟೂ ಬರಲಿಲ್ಲ.

ಅವ್ವ ಹೋಗಿ ಈಗ ಎರಡು ವರ್ಷ. ಮೈಕು ಮುಟ್ಟಿಲ್ಲ. ಕೊನೆಯ ಭಾನುವಾರ ಮಾತ್ರ ತಪ್ಪದೆ ಹೋಗುತ್ತೇನೆ. ಕೊಟ್ರಪ್ಪ ಬೀಗ ತೆಗೆಯುತ್ತಾನೆ. ಕಾಲು ತೊಳೆದು ಒಳಗೆ ಹೋಗಿ, ಒಂದು ಸೇರು ಮೊಗ್ಗೂ ನಾರೂ ಇಟ್ಟು ಬಂದು ಬೇವಿನ ಮರದ ಕೆಳಗೆ ಕೂರುತ್ತೇನೆ. ದೀಪದ ಹೊತ್ತಿಗೆ ಹೋಗಿ ನಾರನ್ನು ಬೆಳಕಿಗೆ ಹಿಡಿದು ಉದ್ದಕ್ಕೂ ನೋಡುತ್ತೇನೆ. ಎಡಕ್ಕೋ ಬಲಕ್ಕೋ, ಒಂದೇ ಒಂದು ಗಂಟು ಬಿದ್ದಿದ್ದರೆ ಸಾಕಿತ್ತು. ಇಲ್ಲಿಯ ತನಕ ಬಿದ್ದಿಲ್ಲ. ಮೊಗ್ಗು ಇಟ್ಟಲ್ಲೇ ಬಿಡಿಬಿಡಿಯಾಗಿ ಅರಳಿರುತ್ತವೆ.