ಹಿರಿಯ ಅಳಿಯನ ಕರ್ಚೀಫು

ಹೋದ ಗುರುವಾರ ಕಲಬುರಗಿಯ ನೆಹರು ಗಂಜಿನಲ್ಲಿ, ತೊಗರಿ ಚೀಲ ತುಂಬಿದ ಒಂದು ಹಳೇ ಪಿಕಪ್ಪಿನ ಹಿಂದೆ ನನ್ನ ಸ್ಕೂಟರು ಸಿಕ್ಕಿಕೊಂಡಿತು. ಮುಂದೆ ಹಮಾಲರು ಕೈಗಾಡಿ ಅಡ್ಡ ನಿಲ್ಲಿಸಿ ಚಹಾಕ್ಕೆ ಹೋಗಿದ್ದರು. ಪಿಕಪ್ಪಿನ ಇಂಜಿನ್ನು ನಿಂತಲ್ಲೇ ಗುಟುರು ಹಾಕುತ್ತಿತ್ತು. ಅದರ ಹೊಟ್ಟೆಯ ಕೆಳಗಿನಿಂದ, ಸೈಲೆನ್ಸರಿನಿಂದಲ್ಲ, ತೆಳ್ಳಗಿನ ಬೂದು ಹೊಗೆ ಎದ್ದು ನನ್ನ ಮೂಗಿಗೆ ಬಡಿಯಿತು. ಕಾದ ಇಂಜಿನ್ ಆಯಿಲಿನ ವಾಸನೆ. ನಿಮ್ಮ ಮೂಗಿಗೂ ಎಂದಾದರೂ ಬಡಿದಿರುತ್ತದೆ, ನೀವು ಅದಕ್ಕೆ ಹೆಸರಿಟ್ಟಿರಲಿಕ್ಕಿಲ್ಲ. ನಾನು ಇಟ್ಟಿದ್ದೇನೆ. ಅದರ ಹೆಸರು ಶಿವರಾಯ.

ಶಿವರಾಯ ನನ್ನ ಷಡ್ಡಕ. ನನ್ನ ಹೆಂಡತಿಯ ತಂಗಿಯ ಗಂಡ. ಕಮಲಾಪುರದಲ್ಲಿ, ಹೆದ್ದಾರಿಯ ಬದಿಗೆ, ತಗಡಿನ ಕೆಳಗೆ ಗ್ಯಾರೇಜು ಇಟ್ಟುಕೊಂಡಿದ್ದಾನೆ. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಹೇಳಲು ನನಗೆ ಮನಸ್ಸಾಗಲಿಕ್ಕಿಲ್ಲ.

ಆ ಮನೆಗೆ ನಾನು ಹಿರಿಯ ಅಳಿಯ. ಐದು ವರ್ಷ ಒಬ್ಬನೇ ಅಳಿಯ. ಆ ಸುಖ ಎಂಥದೆಂದು ಎರಡನೆಯವನು ಬಂದ ಮೇಲೆಯೇ ತಿಳಿಯುವುದು. ಕಲಬುರಗಿಯಿಂದ ಬಸ್ಸು ಹತ್ತಿ ಕಮಲಾಪುರದಲ್ಲಿ ಇಳಿದರೆ ಮಾವ ತಮ್ಮ ಡೀಸೆಲ್ ಪಿಕಪ್ ತಂದು ಕಾಯುತ್ತಿದ್ದರು. ತಮ್ಮ ತೋಟದ ಕೆಂಪು ಬಾಳೆಗೊನೆಗಳನ್ನು ಒಣಗಿದ ಎಲೆಯ ಹಾಸಿನ ಮೇಲೆ ಮಲಗಿಸಿ ಕಲಬುರಗಿಗೆ ಒಯ್ಯುವ ಗಾಡಿ ಅದು. ಅದರಲ್ಲಿ ಮುಂದಿನ ಕಿಟಕಿ ನನ್ನದು. ದಾರಿಯಲ್ಲಿ ಎದುರಾದವರಿಗೆಲ್ಲ ಮಾವ ಗಾಡಿ ನಿಲ್ಲಿಸಿ, “ನಮ್ಮ ಅಳಿಯಾರು, ಕಾಲೇಜಿನ್ಯಾಗ ಪಾಠ ಹೇಳತಾರ” ಎನ್ನುತ್ತಿದ್ದರು. ನಾನು ಕಿಟಕಿಯಿಂದ ಕೈ ಮುಗಿಯುತ್ತಿದ್ದೆ, ಚುನಾವಣೆಗೆ ನಿಂತವನ ಹಾಗೆ.

ಶಿವರಾಯ ಬಂದ ಮೇಲೆ ಕಿಟಕಿ ಅವನದಾಯಿತು. “ಅಂವಾ ಇಂಜಿನ್ ಸಪ್ಪಳ ಕೇಳತಾನ್ರಿ, ಕಿಟಕಿ ಬಾಜೂಕ ಕೂಡ್ಲಿ. ನೀವು ನಡುವ ಬರ್ರಿ” ಎಂದರು ಮಾವ. ನಡುವೆ ಅಂದರೆ ಗೇರಿನ ಕಡ್ಡಿಯ ಹತ್ತಿರ. ಗೇರು ಬದಲಾದಾಗಲೆಲ್ಲ ನನ್ನ ಮಂಡಿಗೊಂದು ಗುದ್ದು. ಅವರಿಬ್ಬರ ಮಾತು ನನ್ನ ಮೂಗಿನ ಮುಂದೆಯೇ ಹಾದು ಹೋಗುತ್ತಿತ್ತು, ನನ್ನಲ್ಲಿ ಇಳಿಯುತ್ತಿರಲಿಲ್ಲ. “ಮಾವ, ಮೂರನೇ ಸಿಲಿಂಡರ್ ಸ್ವಲ್ಪ ಕೆಮ್ಮಲಾಕತ್ತದ.” “ಹೌದಪಾ, ನನಗೂ ಹಂಗ ಅನಿಸ್ತದ.” ನನಗೆ ಏನೂ ಅನಿಸುತ್ತಿರಲಿಲ್ಲ. ಅನಿಸುತ್ತಿದ್ದುದೆಲ್ಲ ಬೇರೆ.

ಎಂಟೊಂಬತ್ತು ವರ್ಷದ ಹಿಂದಿನ ಮಾತು. ಒಂದು ಬೆಳಿಗ್ಗೆ ಅತ್ತೆ ಅಂಗಳದಲ್ಲಿ ನಿಂತು ಪಿಕಪ್ಪನ್ನು ಬೈಯುತ್ತಿದ್ದರು. “ದಿನಾ ನಸಕಿನ್ಯಾಗ ಎದ್ದು ಸಾರಿಸಿ ರಂಗೋಲಿ ಹಾಕಬೇಕು, ಇದು ಬಂದು ಅದರ ಮ್ಯಾಲ ಉಚ್ಚಿ ಹೊಯ್ಯಬೇಕು.”

“ವಯಸ್ಸಾಗ್ಯಾದ ಅದಕ್ಕ, ಏನ ಮಾಡತಿ?” ಎಂದರು ಮಾವ.

“ನಿಮಗೂ ಆಗ್ಯಾದ. ನೀವೇನು ಅಂಗಳದಾಗ ಹೊಯ್ತೀರಿ?”

ಎಲ್ಲರೂ ನಕ್ಕು ಒಳಗೆ ಹೋದರು. ನಾನು ಬಗ್ಗಿ ನೋಡಿದೆ. ಇಂಜಿನ್ನಿನ ಪಕ್ಕದಿಂದ ಹೆಬ್ಬೆರಳು ದಪ್ಪದ ರಬ್ಬರ್ ಪೈಪೊಂದು ಕೆಳಗೆ ಜೋತು ಬಿದ್ದಿತ್ತು. ಅದರ ತುದಿಯಲ್ಲಿ ಒಂದು ಕಪ್ಪು ಹನಿ. ಅದರ ಕೆಳಗೆ ರಂಗೋಲಿಯ ಕಮಲದ ದಳದಲ್ಲಿ ಇನ್ನೊಂದು. ಇಷ್ಟೇನಾ! ದಿನಾ ಬಂದು ಹೋಗುವ ಗ್ಯಾರೇಜಿನವನಿಗೆ ಇದು ಕಂಡಿಲ್ಲವೇ? ಜೇಬಿನಿಂದ ಕರ್ಚೀಫು ತೆಗೆದು ಪೈಪಿನ ಬಾಯಿಗೆ ಸುತ್ತಿ ಗಂಟು ಹಾಕಿದೆ. ಯಾರಿಗೂ ಹೇಳಲಿಲ್ಲ. ನಾಲ್ಕು ದಿನ ಅಂಗಳ ಒಣಗಿರಲಿ, ಆಮೇಲೆ ಊಟಕ್ಕೆ ಕೂತಾಗ, ಶಿವರಾಯನೂ ಇರುವಾಗ, ಮಾತಿನ ನಡುವೆ ಸಹಜವಾಗಿ ಹೇಳಬೇಕೆಂದು ಯೋಚಿಸಿಟ್ಟೆ. ಹೇಳುವ ವಾಕ್ಯವನ್ನೂ ಊರಿಗೆ ಮರಳುವ ಬಸ್ಸಿನಲ್ಲಿ ತಿದ್ದಿಟ್ಟುಕೊಂಡೆ.

ಕರ್ಚೀಫು ಬಿಳಿಯದೋ, ನೀಲಿ ಅಂಚಿನದೋ? ನೆನಪು ನೀಲಿ ಅಂಚನ್ನು ಬಹಳ ಸ್ಪಷ್ಟವಾಗಿ ತೋರಿಸುತ್ತದೆ. ಅದಕ್ಕೇ ನಾನು ನಂಬುವುದಿಲ್ಲ. ನನ್ನ ನೆನಪು ಅಚ್ಚುಕಟ್ಟಾಗಿ ಬಟ್ಟೆ ತೊಟ್ಟು ಬಂದಾಗಲೆಲ್ಲ, ಯಾರೋ ಅದಕ್ಕೆ ಹೇಳಿಕೊಟ್ಟು ಕಳಿಸಿದ್ದಾರೆ ಎನಿಸುತ್ತದೆ.

ವಾರ ಕಳೆದ ಮೇಲೆ ಅತ್ತೆಯ ಫೋನು ಬಂತು. ನನ್ನ ಹೆಂಡತಿ ಫೋನಿಟ್ಟು ಸಪ್ಪೆ ಮುಖದಿಂದ ಹೇಳಿದಳು. ಬಾಳೆ ಹೇರಿಕೊಂಡು ಹೊರಟ ಗಾಡಿ ಊರು ದಾಟುವುದರೊಳಗೆ ಎಣ್ಣೆ ಕಾರಿತ್ತು. ಆಯಿಲ್ ಅಳೆಯುವ ಕಡ್ಡಿ ತಾನಾಗಿಯೇ ಹಾರಿ ಬಿದ್ದಿತ್ತು. ಎಲ್ಲೆಲ್ಲಿ ಸಂದಿಯಿದೆಯೋ ಅಲ್ಲೆಲ್ಲ ಎಣ್ಣೆ. “ಪಿಸ್ಟನ್ ರಿಂಗು ಸವದಾವ, ಇಂಜಿನ್ ಬಿಚ್ಚಬೇಕು ಅಂತ ಮಂದಿ ಅನ್ನಲಾಕತ್ತಾರಂತ. ಇಂಜಿನ್ ಬಿಚ್ಚೂದಾದ್ರ ಗುಜರಿಗಿ ಕೊಟ್ಟಬಿಡತೀನಿ ಅಂತಾನ ಅಪ್ಪ. ಆ ಗಾಡಿ ಹೋದ್ರ ಅಪ್ಪ ಮನಿ ಹಿಡದು ಕೂಡತಾನ್ರಿ.”

ಸಂಜೆ ಗಂಜಿನ ಹತ್ತಿರದ ಖಾಜಾ ಮಿಸ್ತ್ರಿಯ ಅಂಗಡಿಯ ಮುಂದೆ ನಿಂತು, ಪರರ ಗಾಡಿಯ ಮಾತೆಂಬಂತೆ ಕೇಳಿದೆ: ಆ ಕೆಳಗಿನ ಪೈಪು ಕಟ್ಟಿದರೆ ಏನಾಗುತ್ತದೆ?

ಖಾಜಾ ಮಿಸ್ತ್ರಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ನೀವು ಮೂಗು ಬಾಯಿ ಬಂದ್ ಮಾಡ್ಕೊಂಡು ಓಡ್ರಿ ಸಾಬ್, ಮಾಲೂಮ್ ಆಗತದ. ಅದು ಇಂಜಿನ್ ದಮ್ ಬಿಡೋ ಜಾಗಾ. ಹಳೇ ಗಾಡಿಗಿ ದಮ್ ಜಾಸ್ತಿ. ಬಂದ್ ಮಾಡಿದ್ರ ಒಳಗಿಂದ ಒತ್ತಿ ಎಣ್ಣಿ ಹೊರಗ ದಬ್ಬತದ. ಯಾವ ಬೇವಕೂಫ್ ಕಟ್ಟಿದಾಂವ?”

ಗೆಳೆಯನೊಬ್ಬ, ಎಂದೆ.

ಅಂದರೆ ಆ ಭಾನುವಾರ ಕಮಲಾಪುರಕ್ಕೆ ಹೋದಾಗ ನನಗೆ ಎಲ್ಲವೂ ಗೊತ್ತಿತ್ತು. ಒಂದು ವಾಕ್ಯ ಹೇಳಿದರೆ ಸಾಕಿತ್ತು, ಪಿಕಪ್ ಉಳಿಯುತ್ತಿತ್ತು. ಮಾವ ಕಟ್ಟೆಯ ಮೇಲೆ ಕೂತಿದ್ದರು, ಕ್ಷೌರ ಮಾಡಿಕೊಂಡಿರಲಿಲ್ಲ. ಬಾನೆಟ್ ಎತ್ತಿತ್ತು. ಶಿವರಾಯ ನಟ್ಟು ಬಿಚ್ಚುವ ಪಾನಾ ಜೋಡಿಸಿಟ್ಟುಕೊಳ್ಳುತ್ತಿದ್ದ. ಈ ಪ್ರಬಂಧದ ಮೊದಲ ಕರಡಿನಲ್ಲಿ, “ಹೇಳಬೇಕೆಂದು ಬಾಯಿ ತೆರೆದೆ, ಅಷ್ಟರಲ್ಲಿ ಇಂಜಿನ್ ಚಾಲೂ ಆಯಿತು” ಎಂದು ಬರೆದಿದ್ದೆ. ಹೊಡೆದು ಹಾಕಿದ್ದೇನೆ. ನಾನು ಬಾಯಿ ತೆರೆಯಲಿಲ್ಲ. ಇಂಜಿನ್ ಚಾಲೂ ಆಗುವ ಮೊದಲು ಚಹಾ ಬಂದಿತ್ತು. ಒಂದು ಕಪ್ ಚಹಾ ಆರಿಸಿಕೊಂಡು ಕುಡಿಯುವಷ್ಟು ಹೊತ್ತು ನನಗೆ ಸಿಕ್ಕಿತ್ತು. ಕುಡಿದೆ. “ಇಂಜಿನ್ ಬಿಚ್ಚಬೇಕು ಮಾವ” ಎಂಬ ಮಾತು ಶಿವರಾಯನ ಬಾಯಿಂದಲೇ ಬರಲಿ, ಗಾಡಿ ಹೋದರೆ ಹೋಗಲಿ ಎಂದು ಕಾದೆ.

ಅವನು ಇಂಜಿನ್ ಚಾಲೂ ಮಾಡಿ, ಎಣ್ಣೆ ಹಾಕುವ ಬಾಯಿಯ ಮುಚ್ಚಳ ತಿರುವಿ, ಅದನ್ನು ಬೋರಲು ಮಾಡಿ ಆ ಬಾಯಿಯ ಮೇಲೆಯೇ ಸುಮ್ಮನೆ ಇಟ್ಟ. ಒಳಗಿನ ಗಾಳಿಯ ಒತ್ತಡಕ್ಕೆ ಮುಚ್ಚಳ ಪುಟಿದು ನೆಲಕ್ಕೆ ಬಿತ್ತು. ಮಾವ ಕಣ್ಣು ಮುಚ್ಚಿದರು.

“ರಿಂಗು ಹೋಗ್ಯಾವ” ಎಂದೆ ನಾನು. ಇಂಜಿನ್ನುಗಳ ಬಗ್ಗೆ ಆ ಅಂಗಳದಲ್ಲಿ ನಾನು ಆಡಿದ ಮೊದಲ ಮಾತು ಅದು.

“ಅಂದಬಿಡಬ್ಯಾಡ್ರಿ ಅಣ್ಣಾರ” ಎಂದ ಶಿವರಾಯ, ಮುಚ್ಚಳ ಒರೆಸುತ್ತ. “ಉಸಿರ ಕಟ್ಟಿದ್ದರ ಯಾರರ ಹಿಂಗ ಒದರತಾರ. ಮೊದಲ ಬ್ರೀದರ್ ಪೈಪ್ ನೋಡೋಣು.” ಇಂಜಿನ್ ಬಂದ್ ಮಾಡಿ ಗಾಡಿಯ ಕೆಳಗೆ ಹೋದ. ಅವನ ಎರಡು ಪಾದ ಮಾತ್ರ ಕಾಣುತ್ತಿದ್ದವು. ಅಷ್ಟು ಹೊತ್ತು ಬೇರೆಯವರ ಪಾದಗಳನ್ನು ನಾನು ಎಂದೂ ನೋಡಿಲ್ಲ.

ಹೊರಗೆ ಬಂದಾಗ ಅವನ ಬಲಗೈ ಮುಷ್ಟಿಯಾಗಿತ್ತು. ಮುಷ್ಟಿ ನೇರ ಪ್ಯಾಂಟಿನ ಜೇಬಿಗೆ ಹೋಯಿತು. ಎಡಗೈಯಿಂದಲೇ ಇಂಜಿನ್ ಚಾಲೂ ಮಾಡಿ ಮತ್ತೆ ಮುಚ್ಚಳ ಇಟ್ಟ. ಈ ಸಲ ಅದು ಬೀಳಲಿಲ್ಲ. ಹಾಲು ಕಾಯಲಿಟ್ಟ ಪಾತ್ರೆಯ ತಟ್ಟೆಯಂತೆ ಕೂತಲ್ಲೇ ಸಣ್ಣಗೆ ನಡುಗಿತು. ಶಿವರಾಯ ಮುಚ್ಚಳ ತೆಗೆದು ಆ ಬಾಯಿಯ ಮೇಲೆ ಅಂಗೈ ಊರಿ, ಕಣ್ಣು ಮುಚ್ಚಿ ನಿಂತ. “ರಿಂಗು ಇನ್ನೂ ಅದಾವ ಮಾವ. ಗಾಡಿ ಓಡತದ.”

“ಏನಿತ್ತಪಾ ಒಳಗ?”

“ಹುಳದ ಗೂಡು” ಎಂದ. ಎಂದು, ನನ್ನ ಕಡೆ ನೋಡಿದ.

ಮಾವ ಎದ್ದು ಹೋಗಿ ಪಿಕಪ್ಪಿನ ಮೈ ತಟ್ಟಿದರು, ಆಮೇಲೆ ಶಿವರಾಯನ ಬೆನ್ನು. ನನ್ನ ಕಣ್ಣು ಅವನ ಜೇಬಿನ ಮೇಲಿತ್ತು. ನನ್ನ ಕರ್ಚೀಫು ಅದರಲ್ಲಿತ್ತು. ಅವನು ನನ್ನನ್ನು ಉಳಿಸಿದ್ದ.

ಇಂಜಿನ್ ತಿಳಿದವನೆಂದು ಒಬ್ಬನ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭ; ತಿಳಿಯದ ವಿದ್ಯೆ ಎಂದು ಸಮಾಧಾನ ಹೇಳಿಕೊಳ್ಳಬಹುದು. ಅವನು ನನಗಿಂತ ದೊಡ್ಡ ಮನಸ್ಸಿನವನೂ ಆಗಿಬಿಟ್ಟರೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ಅಂದಿನಿಂದ ಅವನು ರೊಟ್ಟಿ ಮುರಿಯುವ ರೀತಿ, ಮಕ್ಕಳನ್ನು ಹೆಗಲಿಗೆ ಏರಿಸುವ ರೀತಿ, ಎಲ್ಲದರಲ್ಲೂ ನನಗೆ ಆ ಜೇಬು ಕಾಣಿಸಿದೆ. ಒಳಗೊಳಗೇ ಒಂದು ಹೆಮ್ಮೆಯೂ ಇತ್ತೆಂದರೆ ನಗಬೇಡಿ. ಆ ಇಂಜಿನ್ನಿನ ಕಥೆಯಲ್ಲಿ ನನಗೊಂದು ಪಾತ್ರವಿತ್ತು. ಉಳಿಸಿದವನು ಅವನು, ಸರಿ. ಕೆಡಿಸಿದವನಾದರೂ ನಾನು.

ಗುರುವಾರದ ವಾಸನೆ ಮೂಗಿನಿಂದ ಹೋಗಲಿಲ್ಲ. ಮೊನ್ನೆ ಭಾನುವಾರ ಹೆಂಡತಿಯ ಜೊತೆ ಕಮಲಾಪುರಕ್ಕೆ ಹೋದವನು, ಅವಳನ್ನು ಮನೆಗೆ ಕಳಿಸಿ ಗ್ಯಾರೇಜಿಗೆ ನಡೆದೆ. ಮಾವನ ಪಿಕಪ್ ಅಲ್ಲೇ ನಿಂತಿತ್ತು. ಮಾವ ಇನ್ನೂ ಅದನ್ನೇ ಓಡಿಸುತ್ತಾರೆ, ಸರ್ವಿಸಿಗೆ ಬಿಟ್ಟು ಹೋಗಿದ್ದರು. ಶಿವರಾಯ ಬಾನೆಟ್ಟಿನೊಳಗೆ ತಲೆ ಇಟ್ಟಿದ್ದ. ಅವನ ಮುಖ ಕಾಣದಿದ್ದುದರಿಂದ ಹೇಳಲು ಸುಲಭವಾಯಿತು.

“ಶಿವರಾಯ, ಅವತ್ತ ಆ ಪೈಪಿಗಿ ಕರ್ಚೀಫ ಕಟ್ಟಿದಾಂವ ನಾನಪಾ.”

“ಗೊತ್ತದ ಬಿಡ್ರಿ ಅಣ್ಣಾರ. ಆ ಮನ್ಯಾಗ ನಿಮ್ಮನ್ನ ಬಿಟ್ಟು ಕರ್ಚೀಫ ಯಾರ ಇಡತಾರ? ನಾವೆಲ್ಲ ಟಾವೆಲ್ ಮಂದಿ.”

“ಮತ್ತ ಮಾವನ ಮುಂದ ಹುಳದ ಗೂಡು ಅಂತ ಸುಳ್ಳ ಯಾಕ ಹೇಳಿದಿ?”

ಅವನು ತಲೆ ಹೊರಗೆ ತೆಗೆದ. “ಸುಳ್ಳ? ಹುಳಾನ ಕಟ್ಟಿತ್ತಲ್ರಿ! ನಿಮ್ಮ ಕರ್ಚೀಫ ಮರುದಿನಾನೇ ಗಂಟಿನ ಸಮೇತ ಗೇಟಿನ ಬಾಜೂಕ ಬಿದ್ದಿತ್ತು. ಬಿಸಿ ಎಣ್ಣಿ ಹತ್ತಿದ ಮ್ಯಾಲ ಆ ಗಂಟ ನಿಲ್ಲತದೇನು? ಒಗೀಲಾಕ ಮನಸ ಬರಲಿಲ್ಲ. ಛಲೋ ಅರಿವಿ, ಎರಡ ತಿಂಗಳ ಪಾನಾ ಒರಸೀನಿ. ಅದೇ ವಾರ ಮಾವ ಮದುವಿಗಿ ಹೋದ್ರು, ಗಾಡಿ ನಾಕ ದಿನ ನಿಂತಿತ್ತು. ಆವಾಗ ಕಣಜದ ಹುಳ ಪೈಪಿನ್ಯಾಗ ಮಣ್ಣ ತುಂಬ್ಯಾದ.”

“ಮತ್ತ ಮುಷ್ಟಿ? ಜೇಬಿನ್ಯಾಗ ಏನ ಇಟಗೊಂಡಿ?”

“ಬೆರಳ” ಎಂದ ಶಿವರಾಯ, ನಾಚಿಕೊಂಡು. “ಹುಳ ಕಡದಿತ್ತು. ಅಷ್ಟ ಉರೀತಿತ್ತು, ಮಾವನ ಮುಂದ ಕುಣಿಲೇನು? ನೀವು ನಗತೀರೇನೋ ಅಂತ ನಿಮ್ಮ ಕಡೀಗೇ ನೋಡಿದೆ.”

ಎಂಟೊಂಬತ್ತು ವರ್ಷ ನಾನು ಜೋಪಾನ ಮಾಡಿದ ಅಪರಾಧ ಒಂದು ಹುಳದ್ದಾಗಿತ್ತು. ಅಥವಾ ಅವನು ಎರಡನೆಯ ಸಲ ನನ್ನನ್ನು ಉಳಿಸುತ್ತಿದ್ದ. ಯಾವುದು ನಿಜವೆಂದು ನನಗೆ ಇನ್ನೂ ಗೊತ್ತಿಲ್ಲ, ಯಾವುದು ಹೆಚ್ಚು ಉರಿಸುತ್ತದೆಂಬುದೂ ಗೊತ್ತಿಲ್ಲ. ಆದರೆ ಚಹಾ ಕುಡಿಯುತ್ತ ನಾನು ಸುಮ್ಮನಿದ್ದುದು ಯಾವ ಹುಳದ ಲೆಕ್ಕಕ್ಕೂ ಹೋಗುವುದಿಲ್ಲ. ಅದನ್ನು ಅವನಿಗೆ ಹೇಳಿದೆ. ಗಾಡಿ ಗುಜರಿಗೆ ಹೋಗಲಿ, ಆ ಮಾತು ಅವನ ಬಾಯಿಂದಲೇ ಬರಲಿ ಎಂದು ಕಾದಿದ್ದೆ ಎಂದೆ.

“ಅದು ನನಗ ಗೊತ್ತಿದ್ದಿಲ್ಲ” ಎಂದ ಶಿವರಾಯ. ನಗಲಿಲ್ಲ. ಪಾನಾ ಕೆಳಗಿಟ್ಟು, ಕೈ ಒರೆಸಿಕೊಂಡು, ಮತ್ತೆ ಪಾನಾ ತೆಗೆದುಕೊಂಡ.

ಏನಾದರೂ ಕೇಳಬೇಕೆಂದು ಕೇಳಿದೆ. “ಈಗ ಹ್ಯಾಂಗ ಅದ ಇಂಜಿನ್ನು?”

“ನೀವ ನೋಡ್ರಿ” ಎಂದು ಹೋಗಿ ಚಾಲೂ ಮಾಡಿದ. ಮುಚ್ಚಳ ತೆಗೆದು ಬದಿಗೆ ಸರಿದು ನಿಂತ. “ಕೈ ಇಡ್ರಿ ಅಣ್ಣಾರ. ಕಡಿಯಂಗಿಲ್ಲ.”

ಇಷ್ಟು ವರ್ಷದಲ್ಲಿ ನಾನು ಎಂದೂ ಕೇಳಿರಲಿಲ್ಲ, ಅವನು ಎಂದೂ ಕರೆದಿರಲಿಲ್ಲ. ಅಂಗೈ ಇಟ್ಟೆ. ಬೆಚ್ಚಗಿನ, ಜಿಡ್ಡಿನ ಗಾಳಿ ತಡೆತಡೆದು ಅಂಗೈಗೆ ತಾಗಿತು. ನಿದ್ದೆ ಹೋದ ದನದ ಮೂಗಿನ ಮುಂದೆ ಕೈ ಹಿಡಿದ ಹಾಗೆ.

“ಏನ ಅನಸ್ತದ?” ಎಂದ.

“ದಮ್ ಜೋರ ಇಲ್ಲ” ಎಂದೆ.

“ಹೌದು. ಜೋರ ಇಲ್ಲ” ಎಂದ ಶಿವರಾಯ.

ಸಂಜೆಯ ಬಸ್ಸಿನಲ್ಲಿ ಹೆಂಡತಿ ಮೂಗು ಮುಚ್ಚಿಕೊಂಡು ಕಿಟಕಿಯ ಕಡೆ ಸರಿದಳು. “ಏನ್ರಿ ಇದು ವಾಸನಿ? ಥೇಟ್ ಶಿವರಾಯನ ಹಂಗ ನಾರಲಾಕತ್ತೀರಿ. ಕರ್ಚೀಫಿನಿಂದ ಒರಸ್ಕೋರಿ.”

ಕರ್ಚೀಫು ಜೇಬಿನಲ್ಲೇ ಇತ್ತು. ತೆಗೆಯಲಿಲ್ಲ.