ಗುಳಿಗೆಗೂ ಅಮಾವಾಸ್ಯೆ

ಕೆಮ್ಮುವವರನ್ನು ನಮ್ಮ ಶಾಂತವ್ವತ್ತೆ ಹೊಸ್ತಿಲು ದಾಟಗೊಡುತ್ತಿರಲಿಲ್ಲ. ಬೀಗರೇ ಬಂದಿರಲಿ, ಇಳಕಲ್ಲಿನ ಆ ಮನೆಯ ಮಗ್ಗದಲ್ಲಿ ಕುಳಿತಲ್ಲಿಂದಲೇ ಆಜ್ಞೆ ಹೊರಡುತ್ತಿತ್ತು: "ಕಟ್ಟಿ ಮ್ಯಾಲ ಕೂಡ್ರಿ. ಮಾತು ಅಲ್ಲಿಗೂ ಕೇಳಸ್ತಾವು." ಚಹಾ ಮಾತ್ರ ಕಟ್ಟೆಯವರಿಗೆ ಒಂದು ಕಪ್ಪು ಹೆಚ್ಚೇ ಹೋಗುತ್ತಿತ್ತು.

ಕಾರಣವಿತ್ತು. ತೊಂಬತ್ತರ ದಶಕದ ಕೊನೆಗೆ ಅತ್ತೆಗೆ ರಕ್ತಭೇದಿ ಹತ್ತಿ ಜೀವ ಹೈರಾಣಾಗಿತ್ತು. ಬಾಗಲಕೋಟೆಯ ಡಾಕ್ಟರು ಪರೀಕ್ಷಿಸಿ, ಮೈ ಕಾಯಬೇಕಾದ ಶಕ್ತಿಯೇ ದಾರಿ ತಪ್ಪಿ ಸ್ವಂತ ಕರುಳನ್ನು ಹುಣ್ಣು ಮಾಡುತ್ತಿದೆ, ಅದನ್ನು ತಗ್ಗಿಸುವ ಗುಳಿಗೆ ದಿನಾ ನುಂಗಬೇಕು, ಸೋಂಕು ತಾಗದಂತೆ ಇರಬೇಕು ಎಂದರು. ಅತ್ತೆ ಓಣಿಗೆಲ್ಲ ಒಂದೇ ಮಾತಿನಲ್ಲಿ ತಿಳಿಸಿದಳು: "ಬೇಲಿನ ಎದ್ದು ಹೊಲಾ ಮೇಯಾಕತ್ತೈತಿ."

ಮೊದಲು ಕೊಟ್ಟ ಸ್ಟೆರಾಯ್ಡಿಗೆ ಮುಖ ಊದಿಕೊಂಡಿತು. ಶಾಂತವ್ವ ಮೈಕೈ ತುಂಬಿಕೊಂಡಳೆಂದು ಓಣಿಯವರಿಗೆ ಖುಷಿಯೋ ಖುಷಿ. ಡಾಕ್ಟರು ಅದನ್ನು ಮೆಲ್ಲಗೆ ಇಳಿಸಿ ಬಿಡಿಸಿ, ಇನ್ನೊಂದು ಗುಳಿಗೆ ಮುಂದುವರಿಸಿದರು. ಭೇದಿ ನಿಂತಿತು, ಮಗ್ಗ ಮತ್ತೆ ನಡೆಯಿತು.

ಎಡವಟ್ಟಾದದ್ದು ಆಮೇಲೆ. ಅಮಾವಾಸ್ಯೆಯ ದಿನ ನಮ್ಮಲ್ಲಿ ಮಗ್ಗ ಮುಟ್ಟುವುದಿಲ್ಲ. ಮಗ್ಗಕ್ಕೆ ಕೊಟ್ಟ ವಿಶ್ರಾಂತಿಯನ್ನು ಗುಳಿಗೆಗೂ ಕೊಡೋಣವೆಂದು ಅತ್ತೆಗೆ ತೋಚಿತು. ಕೊಟ್ಟಳು, ಏನೂ ಆಗಲಿಲ್ಲ. ಸರಿ, ಉಪವಾಸದ ಸೋಮವಾರವೂ ಸೂಟಿ. ಶ್ರಾವಣ ಬಂತು ನೋಡಿ, ತಿಂಗಳಿಡೀ ಸೂಟಿ! ಗಣಪತಿ ಕೂಡ್ರಿಸುವ ಹೊತ್ತಿಗೆ ಮತ್ತೆ ರಕ್ತ.

ನಾನೇ ಅವಳನ್ನು ಬಾಗಲಕೋಟೆಯ ನವನಗರಕ್ಕೆ, ಅದೇ ಡಾಕ್ಟರ ದವಾಖಾನೆಗೆ ಕರೆದೊಯ್ದೆ. ಔಷಧ ಸೋತಿತೆಂದೇ ತಿಳಿದ ಡಾಕ್ಟರು, ದೊಡ್ಡ ಕರುಳನ್ನೇ ತೆಗೆಯಬೇಕಾದೀತು ಎಂದರು. ಅತ್ತೆ ಸೆರಗಿನ ತುದಿ ಹಿಂಡುತ್ತ ಬಾಯಿಬಿಟ್ಟಳು: "ಔಷಧದ ತಪ್ಪಲ್ರಿ. ನಾನ ಅದಕ್ಕ ಸೂಟಿ ಕೊಟ್ಟಿದ್ದೆ."

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಚೆನ್ನಾಗಿ ಬೈದರು. ಗುಳಿಗೆಗಳು ಮತ್ತೆ ಶುರುವಾದವು. ಕೆಲವು ವಾರ ಮನೆಯವರೆಲ್ಲ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆವು. ಕರುಳು ಉಳಿಯಿತು. ಅತ್ತೆ ಮತ್ತೆ ಜೋಳದ ರೊಟ್ಟಿ ತಿಂದ ದಿನ ನನಗೆ ಅಳುವೇ ಬಂತು.

ಕೊನೆಯ ಸಲ ಅವಳನ್ನು ಕಂಡದ್ದೂ ಅಮಾವಾಸ್ಯೆಯಂದೇ. ನನಗೆ ನೆಗಡಿ, ಹಾಗಾಗಿ ಕಟ್ಟೆಯೇ ಗತಿ. ಒಳಗೆ ಮಗ್ಗ ಸುಮ್ಮನಿತ್ತು. ಅತ್ತೆ ನನಗೆ ಕಾಣುವಂತೆ ಗುಳಿಗೆ ಎತ್ತಿ ಹಿಡಿದು, "ನೋಡಪಾ, ಮಗ್ಗಕ್ಕ ಸೂಟಿ ಐತಿ, ಇದಕ್ಕಿಲ್ಲ" ಎಂದು ನುಂಗಿದಳು. ಮುಂದೆ ಒಂದು ಬೆಳಗ್ಗೆ ವಯಸ್ಸಾದ ಜೀವ ನಿದ್ದೆಯಲ್ಲೇ ಹೋಯಿತು.

ಈಗ ಕೆಮ್ಮಿಕೊಂಡೇ ಹೋದರೂ ಆ ಮನೆಯಲ್ಲಿ ಯಾರೂ ತಡೆಯುವುದಿಲ್ಲ. ನಾನೇ ಕಟ್ಟೆಯ ಮೇಲೆ ಕೂತುಬಿಡುತ್ತೇನೆ. ಮಾತು ಮಾತ್ರ ಅಲ್ಲಿಗೆ ಕೇಳಿಸುವುದಿಲ್ಲ.