ಎರಡಕ್ಕೂ ನಾಲ್ಕಕ್ಕೂ ನಡುವಿನ ಹುಳಿ

ಒಂಬತ್ತನೇ ತರಗತಿಯಲ್ಲಿರುವ ಮಗಳು ಶಾಲೆಯ ಗೇಟಿನಲ್ಲೇ ನನ್ನನ್ನು ತಡೆದು ಕರಾರು ಹಾಕಿದಳು.

"ಅಪ್ಪಾ, ಹಣ್ಣ ಕೊಟ್ಟು ಸುಮ್ನ ಕುಂದ್ರು. ಗೆಳತ್ಯಾರ ಮುಂದ ನನ್ನ ಮರ್ಯಾದಿ ಕಳೀಬ್ಯಾಡ."

ಒಪ್ಪಿಕೊಂಡೆ. ಆದರೆ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಚೀಲ ಹೊರುತ್ತ ಶುರುಮಾಡಿ ನಿಂಬೆಹಣ್ಣಿನ ಸ್ವಂತ ವ್ಯಾಪಾರಕ್ಕೆ ನಿಂತವನು ಬಾಯಿ ಮುಚ್ಚಿ ಕೂರುವುದು ಕಷ್ಟದ ಕೆಲಸ. ಅಂದು ವಿಜ್ಞಾನದ ಮೇಡಂ ಆಮ್ಲ, ಪ್ರತ್ಯಾಮ್ಲದ ಪಾಠಕ್ಕೆಂದು ನನ್ನ ಕೈಲೇ ನಿಂಬೆ, ಟೊಮೆಟೊ ತರಿಸಿ, ತರಗತಿಯಲ್ಲೇ ಕೂರಿಸಿಕೊಂಡಿದ್ದರು. ಮೈಸೂರು ಕಡೆಯವರು, ಮೆತ್ತನೆ ಮಾತು.

ಅವರು ಪಿಎಚ್ ಕಾಗದದ ಪಟ್ಟಿಯನ್ನು ಸಾಬೂನಿನ ನೀರಿಗೆ ಅದ್ದಿದರು. ನೀಲಿಗೆ ತಿರುಗಿದ ಪಟ್ಟಿಯನ್ನು ಅಂಕಿಗಳಿದ್ದ ಬಣ್ಣದ ಚಾರ್ಟಿನ ಪಕ್ಕ ಹಿಡಿದರು. "ಏಳಕ್ಕಿಂತ ಮೇಲೆ ಬಂದ್ರೆ ಪ್ರತ್ಯಾಮ್ಲ. ಕೆಳಗಾದ್ರೆ ಆಮ್ಲ. ಏಳು ಅಂದ್ರೆ ಎರಡೂ ಅಲ್ಲ, ಶುದ್ಧ ನೀರಿನ ಹಾಗೆ." ಟೊಮೆಟೊ ರಸಕ್ಕೆ ನಾಲ್ಕು ಬಂತು. ನಿಂಬೆಗೆ ಎರಡು.

ಇಲ್ಲಿ ನನ್ನ ನಾಲಿಗೆ ಜಾರಿತು. ಎದ್ದು ನಿಂತು ಮಕ್ಕಳಿಗೆ ಬುದ್ಧಿ ಹೇಳಿದೆ: "ಸಿಪ್ಪಿ ತೆಳ್ಳಗಿದ್ದು ಕೈಗೆ ಭಾರ ಹತ್ತೋ ನಿಂಬಿನೇ ತಗೋರಿ. ಮತ್ತ ಲೆಕ್ಕ ಸೀದಾ ಅದ. ನಾಕರ ಅರ್ಧ ಎರಡು. ಅಂದ್ರ ಟೊಮ್ಯಾಟೊಕ್ಕಿಂತ ನಿಂಬಿ ಎರಡ ಪಟ್ಟ ಹುಳಿ."

ಅತಿಥಿಯನ್ನು ತಿದ್ದುವುದು ಹೇಗೆಂದು ತಿಳಿಯದೆ ಮೇಡಂ ಕರವಸ್ತ್ರ ಹುಡುಕತೊಡಗಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಮಗಳು ಪುಸ್ತಕದಲ್ಲಿ ಮುಖ ಹುದುಗಿಸಿದ್ದಳು. ಆಮೇಲೆ ಎದ್ದಳು.

"ಎರಡ ಪಟ್ಟ ಅಲ್ಲಪ್ಪಾ, ನೂರ ಪಟ್ಟ. ಒಂದೊಂದ ಅಂಕಿ ಇಳಿದ್ರ ಆಮ್ಲದ ಜೋರ ಹತ್ತ ಹತ್ತ ಪಟ್ಟ ಏರ್ತದ."

"ನೂರ? ಮಾಲ್ ನೋಡದ ನಾ ಯಾರನ್ನೂ ನಂಬಂಗಿಲ್ಲವಾ. ತೋರಸು."

ಮೇಡಂ ಸಣ್ಣ ಬಾಟಲಿ ಕೊಟ್ಟರು. ಭಾಳ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ. ನಿಂಬೆಯ ಹಾಗೇ ಅದಕ್ಕೂ ಪಿಎಚ್ ಎರಡು, ಆದರೆ ನೀರು ಬೆರೆಸಿದಾಗ ನಿಂಬೆ ರಸಕ್ಕಿಂತ ಲೆಕ್ಕ ನೇರವಾಗಿ ಬರುತ್ತದಂತೆ. "ನೀರಿಗೆ ಆಮ್ಲ ಹಾಕ್ಬೇಕು. ಆಮ್ಲಕ್ಕೆ ನೀರು ಹಾಕೋ ಹಾಗಿಲ್ಲ," ಎಂದರು. ಈ ಮಾತು ನೀವೂ ನೆನಪಿಡಿ. ಗಟ್ಟಿ ಆಮ್ಲವಾದರೆ ಕೈ ಮುಖಕ್ಕೆ ಸಿಡಿಯುತ್ತದೆ.

ಮಗಳು ಒಂಬತ್ತು ಅಳತೆ ನೀರಿಗೆ ಒಂದು ಅಳತೆ ಆಮ್ಲ ಸುರಿದಳು. ಅಳತೆಯ ಗೆರೆಯನ್ನು ಎರಡೆರಡು ಸಲ ನೋಡಿದಳು. ಪಟ್ಟಿ ಮೂರು ತೋರಿಸಿತು.

"ಬರೀ ಮೂರಾ? ಇಷ್ಟ ನೀರ ಹಾಕಿ? ನಾಕಕ್ಕ ಮುಗಸವಾ."

"ಚೌಕಾಶಿ ನಡೆಯಂಗಿಲ್ಲಪ್ಪಾ. ನಾಕ ಬೇಕಂದ್ರ ಇದರಾಗಿಂದ ಒಂದ ಅಳತಿ ತಗದು ಮತ್ತ ಒಂಬತ್ತ ನೀರಿಗೆ ಹಾಕಬೇಕು."

ಹಾಕಿದಳು. ಈ ಸಲ ಗೆರೆಯನ್ನು ಒಂದೇ ಬಾರಿ ನೋಡಿದಳು. ನಾಲ್ಕು ಬಂತು. ಹತ್ತು ಹತ್ತಲಿ ನೂರು. ಇಪ್ಪತ್ತು ವರ್ಷ ನಿಂಬೆ ಮಾರಿದವನಿಗೆ ಹುಳಿಯ ಲೆಕ್ಕ ಗೊತ್ತಿರಲಿಲ್ಲ ನೋಡಿ. ಸೋತೆ ಎಂದು ಇಡೀ ತರಗತಿಯ ಮುಂದೆ ಕೈಮುಗಿದೆ. ಸೋತಾಗ ಬೇಗ ಒಪ್ಪಿಕೊಳ್ಳಿ, ಹೊತ್ತು ಉಳಿಯುತ್ತದೆ.

ಗಂಟೆ ಹೊಡೆಯಿತು. ಕಿಸಕ್ಕೆಂದಿದ್ದ ಹುಡುಗಿ ಮಗಳನ್ನು ಕೇಳಿದಳು, "ನಿಮ್ಮಪ್ಪನೇನ ಅವ್ರು?"

ನಾನು ಖಾಲಿ ಚೀಲ ಮಡಚುತ್ತ ಕಿವಿ ಅತ್ತಲೇ ಇಟ್ಟಿದ್ದೆ.

"ಹೂಂ, ನಮ್ಮಪ್ಪನ. ಒಮ್ಮೊಮ್ಮೆ ತಪ್ಪ ಹೇಳ್ತಾನ. ತೋರಿಸಿದ್ರ ಒಪ್ಪತಾನ."